ಮೇಷ್ಟ್ರ ಚಿತ್ರದಲ್ಲಿ ತಿರುಗದ ಅವ್ವ

ಚಿತ್ರದ ಮೇಷ್ಟ್ರಿಗೆ ಎಮ್ಮೆ ಕಂಡರೆ ಭಯ. ಚಿತ್ರ ಬರೆಯುವಾಗ ಅವರ ಪಕ್ಕದಲ್ಲಿ ಮಂಡಕ್ಕಿ ಇರಲೇಬೇಕು, ಅದೂ ಒಗ್ಗರಣೆ ಹಾಕದ್ದು, ಇಲ್ಲದಿದ್ದರೆ ಹಾಳೆಗೆ ಎಣ್ಣೆ ಹತ್ತುತ್ತದೆ. ಕುಂಚದ ತುದಿಯನ್ನು ನಾಲಿಗೆಯ ಮೇಲೆ ಎಳೆದು ಚೂಪು ಮಾಡುತ್ತಾರೆ. ಬೆಕ್ಕಿನ ಮೀಸೆಯನ್ನು ಎಲ್ಲಕ್ಕಿಂತ ಕೊನೆಗೆ, ಉಸಿರು ಬಿಗಿಹಿಡಿದು ಬರೆಯುತ್ತಾರೆ. ಇವೆಲ್ಲ ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿದ್ದವು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯಲ್ಲಿ ನಾನು ನಾಲ್ಕನೇ ಕ್ಲಾಸು ಓದುತ್ತಿದ್ದೆ. ನಮ್ಮ ಶಾಲೆಗೆ ಮಕ್ಕಳ ಮಾಸಪತ್ರಿಕೆಯೊಂದು ಬರುತ್ತಿತ್ತು. ಅದರಲ್ಲಿ ಕಥೆಯನ್ನೂ ಅದರ ಚಿತ್ರಗಳನ್ನೂ ಬರೆಯುತ್ತಿದ್ದವರು ಹರಿಹರದ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಕಥೆಯ ಕೆಳಗೆ ತಿಂಗಳಿಗೊಂದರಂತೆ ಅವರ ಗುಟ್ಟೊಂದನ್ನು ಅಚ್ಚು ಹಾಕುತ್ತಿದ್ದರು. ನಾಲಿಗೆಯ ಗುಟ್ಟು ಬಂದ ತಿಂಗಳು ನಮ್ಮ ಕ್ಲಾಸಿನವರೆಲ್ಲ ಶಾಯಿ ಕಡ್ಡಿ ನೆಕ್ಕಿ, ನೀಲಿ ನಾಲಿಗೆ ಮಾಡಿಕೊಂಡು, ಸಾಲಾಗಿ ಏಟು ತಿಂದೆವು.

ಕಥೆಯಲ್ಲಿ ಎರಡು ಜಡೆಯ ಒಬ್ಬ ತುಂಟಿ ಇದ್ದಳು. ಅವಳ ಕಿತಾಪತಿಗೆ ಉಳಿದವರು ನಗುತ್ತಿದ್ದರು. ನಾನು ಮಾತ್ರ ಅವಳ ಅವ್ವನನ್ನು ನೋಡುತ್ತಿದ್ದೆ. ಆಕೆ ಪ್ರತಿ ತಿಂಗಳೂ ಬರುತ್ತಿದ್ದಳು, ಪ್ರತಿ ತಿಂಗಳೂ ನಮಗೆ ಬೆನ್ನು ಹಾಕಿಯೇ ಇರುತ್ತಿದ್ದಳು. ಒಲೆಯ ಮುಂದೆ ಕೂತಿರುತ್ತಾಳೆ, ಇಲ್ಲವೆ ನೀರು ಹೊತ್ತು ಒಳಗೆ ಹೋಗುತ್ತಿರುತ್ತಾಳೆ. ತುರುಬು, ಸೆರಗು, ಹಿಮ್ಮಡಿ, ಅಷ್ಟೇ.

ನನ್ನ ಅವ್ವ ನನಗೆ ಐದು ವರ್ಷವಾಗಿದ್ದಾಗ ತೀರಿಕೊಂಡಿದ್ದಳು. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ತೆಗೆಸಲು ಬಿಟ್ಟಿರಲಿಲ್ಲವಂತೆ. ತೆಗೆಸದೆಯೂ ಕಡಿಮೆಯಾಯಿತು. ಅಜ್ಜಿಯ ಮೇಲಿನ ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅಪ್ಪ ಹತ್ತಿಯ ಗಿರಣಿಗೆ ಹೋಗುತ್ತಿದ್ದ. ಅವ್ವ ಹೋದ ಮೇಲೆ ಅವಳ ಮಾತನ್ನೇ ಮನೆಯಲ್ಲಿ ಎತ್ತಿರಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ. ಹಾಗಾಗಿ ನನಗೆ ಉಳಿದದ್ದು ಪತ್ರಿಕೆಯ ಆ ಅವ್ವ ಒಬ್ಬಳೇ. ಒಂದು ಸಲ ತಿರುಗಿದಳೆಂದರೆ ಅವ್ವಂದಿರ ಮುಖ ಹೇಗಿರುತ್ತದೆ ಎಂದು ನೋಡಿಕೊಂಡುಬಿಡಬಹುದು ಎಂದು ಕಾಯುತ್ತಿದ್ದೆ.

ನಮ್ಮನ್ನು ನೋಡಿಕೊಳ್ಳಲು ಬಂದಿದ್ದ ಸೋದರತ್ತೆ ಇದನ್ನು ಕೇಳಿ ನಕ್ಕಳು. "ಊರಿಗೆ ಬಂದಾಕಿ ನೀರಿಗೆ ಬರ್ದೆ ಇರ್ತಾಳೇನು? ಇವತ್ತಲ್ಲ ನಾಳೆ ತಿರುಗ್ತಾಳೆ ಬಿಡು."

ಒಂದು ವರ್ಷವಾದರೂ ಆಕೆ ತಿರುಗಲಿಲ್ಲ. ಕಾದು ಕಾದು ಸಾಕಾಗಿ ಮೇಷ್ಟ್ರಿಗೇ ಒಂದು ಕಾರ್ಡು ಹಾಕಿದೆ. ಆ ಹುಡುಗಿಯ ಅವ್ವ ಯಾಕೆ ತಿರುಗುವುದಿಲ್ಲ, ಆಕೆಯ ಮುಖ ಹೇಗಿದೆ, ಇದನ್ನೇ ಮುಂದಿನ ಗುಟ್ಟು ಮಾಡಿ ಎಂದು ಕೇಳಿದ್ದೆ. ಹದಿನೈದು ದಿನಕ್ಕೆ ಉತ್ತರ ಬಂತು. ಅಂಚಿನಲ್ಲಿ ಮೀಸೆಯಿಲ್ಲದ ಬೆಕ್ಕೊಂದು, ನಡುವೆ ಎರಡೇ ಸಾಲು: "ಆಕೆಯ ಮುಖ ನನಗೂ ಗೊತ್ತಿಲ್ಲ ತಾಯಿ. ನಿನ್ನ ಅವ್ವನನ್ನು ಬರೆದು ಕಳಿಸು, ನೋಡಿ ಕಲಿಯುತ್ತೇನೆ."

ನಾನು ಬರೆದೆ. ನೋಟ್‌ಬುಕ್ಕಿನ ನಡುಹಾಳೆಗಳನ್ನು ಕಿತ್ತು, ನಾಲ್ಕು ಪುಟ, ಒತ್ತಕ್ಷರವೆಲ್ಲ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿ ಬರೆದೆ. ಆದರೆ ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಎಲ್ಲಾದರೂ ಕಳೆದುಹೋದರೆ ಅವ್ವ ಇನ್ನೊಂದು ಸಲ ಹೋದಂತೆ. ಅಮಾವಾಸ್ಯೆಗೆ ಅತ್ತೆ ಹೊಳೆಯ ಸ್ನಾನಕ್ಕೆಂದು ಹರಿಹರಕ್ಕೆ ಹೊರಟಾಗ ಹಟ ಹಿಡಿದು ರೈಲು ಹತ್ತಿದೆ.

ಸ್ನಾನ, ದೇವರು ಎಲ್ಲ ಮುಗಿದ ಮೇಲೆ, ಕಾರ್ಡಿನ ವಿಳಾಸ ತೋರಿಸುತ್ತ ಮೇಷ್ಟ್ರ ಮನೆ ಹುಡುಕಿದೆವು. ಬಾಗಿಲಲ್ಲೇ ಒಂದು ಎಮ್ಮೆ ಕಟ್ಟಿತ್ತು. ನನಗೆ ಮೋಸ ಹೋದಂತಾಯಿತು.

"ಬರ್ರಿ, ಒಳಗ ಬರ್ರಿ, ಕೂಡ್ರಿ" ಎಂದು ಮೇಷ್ಟ್ರು ಎದ್ದರು. ನಾನು ಮೊದಲು ಅವರ ನಾಲಿಗೆ ನೋಡಿದೆ. ಎಲೆಅಡಿಕೆ ಹಾಕಿ ಕೆಂಪಗಾಗಿತ್ತು, ನೀಲಿಯ ಸುಳಿವೇ ಇಲ್ಲ.

"ನಿಮಗೆ ಎಮ್ಮೆ ಅಂದ್ರೆ ಭಯ ಅಂತ ಬರ್ದಿದ್ರಲ್ರೀ?" ಎಂದೆ.

"ಭಯಾನ ಐತೆ. ಅದು ನಮ್ಮನಿಯಾಕೀದು. ನಾನು ದೂರ ಕೂತು ನೋಡಿ ಬರೀತೀನಿ. ಹತ್ರ ಹೋದ್ರೆ ಎಮ್ಮೆ ಎಲ್ಲಿ ಕಾಣ್ತೈತವ್ವಾ, ಕೊಂಬಷ್ಟೇ ಕಾಣ್ತಾವೆ."

ನಾನು ಹಾಳೆಗಳನ್ನು ಕೊಟ್ಟೆ. ಅವರು ಕನ್ನಡಕ ಏರಿಸಿ, ಒಂದನ್ನು ತಿರುವಿ, ಇನ್ನೊಂದನ್ನು ತಿರುವಿ, ದೊಡ್ಡದಾಗಿ ನಕ್ಕರು. "ಅಲ್ಲವ್ವಾ, ಚಿತ್ರ ಬರ್ದು ಕಳ್ಸು ಅಂದ್ರೆ ನೀನು ಅಕ್ಷರ ಬರ್ದೀಯಲ್ಲ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಬರೆಯುವುದು ಎಂದೇ ಇದ್ದರೆ ಅದು ನನ್ನ ತಪ್ಪೇ? ಚಿತ್ರದ ಮೇಷ್ಟ್ರು ಬರೆ ಎಂದರೆ ಚಿತ್ರವೇ ಎಂಬುದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ಓದತೊಡಗಿದರು. ಓದುತ್ತ ಓದುತ್ತ ನಗು ಹೋಯಿತು. "ಇದ್ದಳು, ಮಾಡುತ್ತಿದ್ದಳು ಅಂತ ಬರ್ದೀಯಲ್ಲ?" ಎಂದು ತಲೆ ಎತ್ತಿದರು.

"ತೀರ್ಕಂಡು ಐದು ವರ್ಷ ಆತ್ರಿ" ಎಂದಳು ಅತ್ತೆ.

ಮೇಷ್ಟ್ರು ಪುನಃ ಮೊದಲಿನಿಂದ ಓದಿದರು. ಅವ್ವ ರೊಟ್ಟಿ ಬಡಿಯುವ ಸದ್ದು ಬರೆದಿದ್ದೆ. ಹಿಟ್ಟಿನ ಕೈಯಲ್ಲಿ ಮುಂಗೂದಲು ಸರಿಸಿಕೊಂಡರೆ ಕೂದಲು ಬೆಳ್ಳಗಾಗುತ್ತಿದ್ದದ್ದನ್ನು ಬರೆದಿದ್ದೆ. ಬಲಗೈಯ ಮಣಿಕಟ್ಟಿನ ಮೇಲೆ ಹಂಚು ತಾಗಿ ಆಗಿದ್ದ ಬೆರಳುದ್ದದ ಬರೆಯನ್ನೂ ಬರೆದಿದ್ದೆ.

"ಎಲ್ಲ ಐತೆ. ಮುಖ ಎಲ್ಲೈತೆ ಇದ್ರಾಗ?"

ನಾನು ಹಾಳೆ ತೆಗೆದುಕೊಂಡು ಹುಡುಕಿದೆ. ನಾಲ್ಕೂ ಪುಟದಲ್ಲಿ ಇರಲಿಲ್ಲ. ಮೂಗು, ಕಣ್ಣು, ಕುಂಕುಮ, ಏನೂ ಇರಲಿಲ್ಲ. ಈಗ ಹೇಳು ಎಂದರೂ ನೆನಪಾಗಲಿಲ್ಲ. ಅವ್ವನ ಮುಖ ನನಗೆ ಮರೆತುಹೋಗಿದೆ ಎಂಬುದು ನನಗೆ ಗೊತ್ತಾದದ್ದು ಅಲ್ಲೇ, ಪರರ ಪಡಸಾಲೆಯಲ್ಲಿ. ಜೋರಾಗಿ ಅತ್ತುಬಿಟ್ಟೆ.

ಮೇಷ್ಟ್ರು ನಮ್ಮತ್ತೆಯ ಕಡೆ ತಿರುಗಿದರು. "ನೀವು ಹೇಳ್ರಿ, ಹೆಂಗಿದ್ರು?"

"ಹೆಂಗೆ ಅಂದ್ರೆ… ಚಲೋ ಇದ್ಲು. ಎತ್ತರಕಿದ್ಲು" ಎಂದು ಅತ್ತೆ ಅಲ್ಲಿಗೇ ಮಾತು ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟೋ ಸಲ ನೋಡಿದ್ದ ಅವಳಿಂದಲೂ ಅಷ್ಟೇ ಆಯಿತು.

"ಅಳಬ್ಯಾಡವ್ವಾ" ಎಂದರು ಮೇಷ್ಟ್ರು. "ನಮ್ಮವ್ವ ಹೋದಾಗ ನನಗೆ ಮೂರು ವರ್ಷ. ನನಗೂ ಬೆನ್ನೇ ಕಾಣೋದು. ಮುಖ ಬರ್ಯಾಕೆ ಎಷ್ಟು ಸಲ ಕೂತೀನಿ. ಯಾವ ಮುಖ ಬರೆದ್ರೂ ಯಾರೋ ಬೇರೇರು ಬಂದು ಕೂತಂಗ ಆಗ್ತೈತೆ." ಹಾಳೆಗಳನ್ನು ಮಡಿಸಿ ತಮ್ಮ ಡ್ರಾಯಿಂಗ್ ಹಲಗೆಯ ಕೆಳಗೆ ಇಟ್ಟುಕೊಂಡರು. ಇದು ಪತ್ರಿಕೆಯಲ್ಲಿ ಎಂದೂ ಅಚ್ಚಾಗದ ಗುಟ್ಟು. ಇಷ್ಟು ವರ್ಷ ನಾನೂ ಯಾರಿಗೂ ಹೇಳಿರಲಿಲ್ಲ.

ಎರಡು ತಿಂಗಳ ಮೇಲೆ ಬಂದ ಸಂಚಿಕೆಯಲ್ಲಿ ತುಂಟಿಯ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೆನ್ನೇ. ಆದರೆ ಎತ್ತಿದ ಬಲಗೈಯ ಮಣಿಕಟ್ಟಿನ ಮೇಲೆ ಬೆರಳುದ್ದದ ಒಂದು ಗೆರೆ. "ಇಂಕು ಚೆಲ್ಲೈತೆ" ಎಂದು ನಮ್ಮ ಕ್ಲಾಸಿನವರು ಉಗುರಿನಿಂದ ಕೆರೆದು ನೋಡಿದರು. ನಾನು ಪತ್ರಿಕೆ ಕಸಿದುಕೊಂಡೆ. ಒಂದು ದಿನಕ್ಕೆಂದು ಟೀಚರಮ್ಮನನ್ನು ಕೇಳಿ ಮನೆಗೆ ತಂದೆ.

ಅಪ್ಪ ಗಿರಣಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಬೈದರೆ ಬೈಯಲಿ, ಎದ್ದು ಹೋದರೆ ಹೋಗಲಿ ಎಂದು ಆ ಪುಟವನ್ನು ಬಿಡಿಸಿ ಅವನ ಪಕ್ಕ ಇಟ್ಟೆ. ಅಪ್ಪ ಸುಮ್ಮನೆ ಕಣ್ಣು ಹಾಯಿಸಿದವನು ಅಲ್ಲೇ ದೃಷ್ಟಿ ನೆಟ್ಟ. ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡ. ಕೆರೆದರೂ ಹೋಗದ ಆ ಗೆರೆಯ ಮೇಲೆ ಹೆಬ್ಬೆರಳು ಇಟ್ಟ.

"ಯಾರು ಬರ್ದಿದ್ದು ಇದನ್ನ?"

"ನಾನು" ಎಂದೆ. "ನಾನು ಬರ್ದೆ, ಅದನ್ನ ನೋಡಿ ಮೇಷ್ಟ್ರು ಬರೆದ್ರು."

ಅಪ್ಪ ಏಳಲಿಲ್ಲ. "ತಪ್ಪೈತೆ" ಎಂದ. "ಬರೆ ಇದ್ದಿದ್ದು ಎಡಗೈಗೆ."

"ಇಲ್ಲಪ್ಪಾ, ನಾನು ನೋಡೀನಿ. ನನ್ನ ಬಲಗಡೆಗೆ ಬರೋ ಕೈಗೇ ಇತ್ತು."

"ಹಂಗೇ ಕಾಣ್ತೈತೆ. ನೀನು ದಿನಾ ಆಕಿ ಎದುರಿಗೆ ಕೂತು ರೊಟ್ಟಿ ತಿಂತಿದ್ದಿ. ನಿನ್ನ ಮುಖ ನೋಡ್ಕಂತಾನೇ ಬಡೀತಿದ್ಲು. ಹಂಚು ಮುಟ್ಟಿದ್ದೂ ಅದಕ್ಕೇ."

ಎದುರಿಗೆ. ನಾನು ಎದುರಿಗೇ ಕೂತಿದ್ದೆ.

"ಹೆಂಗಿದ್ಲಪ್ಪಾ?" ಎಂದೆ.

ಅಪ್ಪ ಹುಬ್ಬಿನ ಹತ್ತಿ ಒರೆಸಿಕೊಂಡು, ಪಕ್ಕದಲ್ಲಿ ನನಗೆ ಜಾಗ ಬಿಟ್ಟು, ಹಣೆಯಿಂದ ಶುರುಮಾಡಿದ.