ದುರುಗಣ್ಣ ಆರಿಸಿದ ಬೋಲ್ಟುಗಳು

ದುರುಗಣ್ಣ ಹೋದ ಶನಿವಾರ ಸಂಜೆ ನ್ಯಾಮತಿ ಬಸ್ ನಿಲ್ದಾಣದಲ್ಲಿ ಹೊನ್ನಾಳಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ ತೀರಿಕೊಂಡ. ಐವತ್ತೆಂಟು ವರ್ಷವಾಗಿತ್ತು. ಹೃದಯಾಘಾತ ಎಂದರು.

ಅವನು ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಮಿಷನ್ ರಿಪೇರಿ ಮಾಡುತ್ತಿದ್ದ. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಅವನ ಕೊನೆಯ ಆರು ದಿನದ ಕೆಲಸದ ಬಗ್ಗೆಯೇ ಮಾತಾಡುತ್ತಿದ್ದರು. ಆ ಆರು ದಿನ ಅವನು ಖುಷಿಯಾಗಿದ್ದಷ್ಟು ಮತ್ತೆಂದೂ ಇದ್ದದ್ದನ್ನು ಗೆಳೆಯರು ಕಂಡಿರಲಿಲ್ಲ. ಹಾಗಾಗಿ ಅದನ್ನು ಬರೆದಿಡುವುದೇ ಸರಿ.

ದುರುಗಣ್ಣ ಜಗಳೂರು ಕಡೆಯವನು. ಇಪ್ಪತ್ತನೇ ವಯಸ್ಸಿಗೆ ಎರಡು ಸ್ಪ್ಯಾನರ್ ಹಿಡಿದು ಚನ್ನಗಿರಿಗೆ ಬಂದ. ಬಂದವನು ಮೂವತ್ತೆಂಟು ವರ್ಷ ಕಲ್ಯಾಣ ಮಂಟಪದ ಎದುರಿನ ತಗಡಿನ ಶೆಡ್ಡಿನಲ್ಲೇ ಉಳಿದ. ಬೇರೆಯವರು ಹೊಸಬರನ್ನು ಕಂಡಾಗ ಮುಖ ನೋಡಿದರೆ, ಇವನು ಮಿಷನ್ ಕಂಡಾಗ ಮೊದಲು ಬೋಲ್ಟಿನ ತಲೆ ನೋಡುತ್ತಿದ್ದ. ಬೋಲ್ಟಿನ ತಲೆಯ ಮೇಲೆ ಅದರ ತಾಕತ್ತಿನ ಅಂಕಿ ಕೊರೆದಿರುತ್ತದೆ. "ಮನುಷ್ಯನ ಹಣೆಬರಹ ಓದಾಕೆ ಯಾರಿಗೂ ಬರಲ್ಲ. ಬೋಲ್ಟಿಂದು ಹಂಗಲ್ಲ, ಕಣ್ಣಿದ್ದೋರು ಓದ್ಕೋಬೋದು" ಎನ್ನುತ್ತಿದ್ದ. ಇಷ್ಟೆಲ್ಲ ಗೊತ್ತಿದ್ದರೂ ಊರಿನ ಕಾರು ಗ್ಯಾರೇಜಿನವರ ಬಾಯಲ್ಲಿ ಅವನು ಅಡಿಕೆ ಮೇಸ್ತ್ರಿಯೇ. ಅವರು ಹಾಗಂದಾಗ ನಗುತ್ತಿದ್ದ. ಮನೆಗೆ ಬಂದು ಹೆಂಡತಿ ಕೆಂಪಕ್ಕನ ಹತ್ತಿರ ಬೈಯುತ್ತಿದ್ದ.

ಸೋಮವಾರ ಬೆಳಿಗ್ಗೆ ಮಂಟಪದ ಮುಂದೆ ಒಂದು ಬಿಳಿ ಕಾರು ನಿಂತುಬಿಟ್ಟಿತು. ಅದು ನ್ಯಾಮತಿಯ ಮಮತಾಳದು. ಮದುಮಗಳಿಗೆ ಅಲಂಕಾರ ಮಾಡುವುದು ಅವಳ ಕಸುಬು. ಕಾರಿನದು ಆಟೋಮ್ಯಾಟಿಕ್ ಗೇರು. ಕ್ಲಚ್ ಇಲ್ಲ, ಗೇರು ಹಾಕುವ ಕೆಲಸವಿಲ್ಲ, ಆಕ್ಸಿಲರೇಟರ್ ಒತ್ತಿದರೆ ಓಡುತ್ತದೆ. ಆವತ್ತು ಎಷ್ಟು ಒತ್ತಿದರೂ ಎಂಜಿನ್ ಕೂಗಿತೇ ಹೊರತು ಚಕ್ರ ಅಲ್ಲಾಡಲಿಲ್ಲ. ಗ್ಯಾರೇಜಿನವರು ನೋಡಿ, ಗೇರುಬಾಕ್ಸ್ ಒಳಗೇ ಸುಟ್ಟಿದೆ, ಹೊಸದು ಹಾಕಿಸುವುದಕ್ಕಿಂತ ಕಾರನ್ನೇ ಗುಜರಿಗೆ ಕೊಡುವುದು ಮೇಲು ಎಂದರು. ಗುಜರಿಯವನಿಗೆ ಫೋನೂ ಹೋಯಿತು. ಶನಿವಾರ ಮಧ್ಯಾಹ್ನ ಲಾರಿ ತರುತ್ತೇನೆ ಎಂದ.

ಮಮತಾ ಶೆಡ್ಡಿನ ನೆರಳಿಗೆ ಬಂದು ಕೂತಳು. ಕೆಂಪಕ್ಕ ನೀರು ಕೊಟ್ಟಳು.

"ಮುಹೂರ್ತ ಬೆಳಗಿನ ಜಾವ ಐದೂವರೆಗೆ ಇಟ್ಟಿರ್ತಾರೆ ಅಕ್ಕ. ಮದುಮಗಳನ್ನ ಮೂರು ಗಂಟೆಗೇ ಕೂರಿಸ್ಕೋಬೇಕು. ಆ ಹೊತ್ನಾಗೆ ಯಾವ ಬಸ್ಸು ಐತೆ? ಬರೋ ಭಾನುವಾರ ಜಗಳೂರಿನಾಗೆ ಮದುವೆ. ಕಾರಿಲ್ದೆ ನನ್ನ ಕಸುಬೇ ಇಲ್ಲ."

ದುರುಗಣ್ಣ ಅಷ್ಟರಲ್ಲಿ ಕಾರಿನ ಕೆಳಗೆ ಮಲಗಿ ಆಗಿತ್ತು. ಅಲ್ಲಿಂದಲೇ ಕೇಳಿದ: "ತಂಗಿ, ಇದೇ ಕಾರು ಗೇರಿಂದೂ ಬರ್ತಿತ್ತಲ್ಲ?"

"ಬರ್ತಿತ್ತು. ಇದು ಅಗ್ಗಕ್ಕೆ ಸಿಕ್ತು ಅಂತ ತಗೊಂಡೆ. ನಾನು ಕಲಿತಿದ್ದು ಗೇರಿನ ಕಾರೇ."

"ಹಂಗಾರೆ ಇದನ್ನ ಬಿಚ್ಚಿ ಬಿಸಾಕಿ, ಕೈಲಿ ಹಾಕೋ ಗೇರು ಕೂರಿಸ್ತೀನಿ. ಶನಿವಾರದ ತನಕ ಟೈಮ್ ಕೊಡ್ರಿ."

"ನೀವು ಕಾರು ಕೆಲ್ಸ ಮಾಡ್ತೀರಾ ಅಣ್ಣಾರೆ?"

"ಇಲ್ಲಿತನಕ ಮಾಡಿಲ್ಲ."

ಮಮತಾ ಕೆಂಪಕ್ಕನ ಮುಖ ನೋಡಿದಳು. "ಕೊಡಮ್ಮ" ಎಂದಳು ಕೆಂಪಕ್ಕ. "ಗುಜರಿಗೆ ಹೋಗೋದು ಹೆಂಗೂ ಇದ್ದೇ ಐತೆ. ಇನ್ನೇನು ಕೆಡಿಸ್ತಾರೆ?"

ಮಂಗಳವಾರ ಅವನು ಶಿವಮೊಗ್ಗದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಮುಂಭಾಗ ಜಜ್ಜಿಹೋಗಿದ್ದ ಅದೇ ಮಾದರಿಯ ಕಾರೊಂದನ್ನು ಹಿಡಿದ. ಗೇರುಬಾಕ್ಸು, ಫ್ಲೈವೀಲು, ಕ್ಲಚ್ಚು, ಮೂರು ಪೆಡಲಿನ ಸೆಟ್ಟು, ಚಕ್ರಕ್ಕೆ ಹೋಗುವ ಎರಡು ಶಾಫ್ಟು, ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದ. ಅಲ್ಲಿನ ಗುಜರಿಯವನು ಬೋಲ್ಟುಗಳನ್ನೂ ಒಂದು ಬಕೆಟ್ಟಿನಲ್ಲಿ ತುಂಬಿಕೊಟ್ಟಿದ್ದನಂತೆ. ಇವನು ಮುಟ್ಟಲಿಲ್ಲ. "ಹಳೇ ಬೋಲ್ಟು ಅಂದ್ರೆ ಕಂಡೋರ ಹಲ್ಲುಜ್ಜೋ ಬ್ರಷ್ ಇದ್ದಂಗೆ. ಪುಕ್ಕಟೆ ಸಿಕ್ತು ಅಂತ ಬಾಯಿಗೆ ಇಟ್ಕೋತಾರಾ?"

ಬೋಲ್ಟು ಆರಿಸುವುದೇ ಈ ಕೆಲಸದ ಜೀವ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಹಿಂದೆ ಇರುವುದು ದೋಸೆಯಷ್ಟು ತೆಳ್ಳನೆಯ ತಗಡಿನ ತಟ್ಟೆ. ಅದಕ್ಕೆ ಗಿಡ್ಡ ಬೋಲ್ಟು ಸಾಕು. ಗೇರಿನ ಗಾಡಿಯಲ್ಲಿ ಅದೇ ಜಾಗದಲ್ಲಿ ಫ್ಲೈವೀಲು ಎಂಬ ದಪ್ಪ ಉಕ್ಕಿನ ಗಾಲಿ ಕೂರುತ್ತದೆ. ಅದಕ್ಕೆ ಗಿಡ್ಡ ಬೋಲ್ಟು ಹಾಕಿದರೆ ನಾಲ್ಕೇ ಸುತ್ತು ಹಿಡಿದು, ಒಂದು ದಿನ ಗಾಲಿ ಕಿತ್ತುಕೊಂಡು ಬರುತ್ತದೆ. ಬೇಕಾದ್ದಕ್ಕಿಂತ ಉದ್ದದ್ದು ಹಾಕಿದರೆ ತಳಕ್ಕೆ ತಾಗಿ, ಬಿಗಿಯಾದಂತೆ ಕಾಣುತ್ತದೆಯೇ ಹೊರತು ಬಿಗಿಯಾಗಿರುವುದಿಲ್ಲ. ಬುಧವಾರ ಬೆಳಿಗ್ಗೆ ಅವನು ಕೆಂಪಕ್ಕನ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಎಂಟೂ ತೂತಿನ ಆಳ ಅಳೆದು, ಉಗುರಿನಿಂದ ಗುರುತು ಮಾಡಿ, ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಹಳೆಯ ಗೆಳೆಯ ಚಿಕ್ಕಹನುಮಂತಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋದ.

ಚಿಕ್ಕಹನುಮಂತಪ್ಪ ಫಳಫಳ ಹೊಳೆಯುವ ಒಂದು ಹಿಡಿ ಬೋಲ್ಟು ತೆಗೆದು ಮುಂದೆ ಸುರಿದ.

"ತಗ. ಬೆಳ್ಳಿ ಇದ್ದಂಗೆ ಅದಾವೆ."

"ಬೆಳ್ಳಿ ಕಟ್ಕೊಂಡು ಏನ್ ಮಾಡ್ಲಿ? ತಲೆ ನೋಡು. ಎಂಟು ಪಾಯಿಂಟ್ ಎಂಟು. ಇವು ನಮ್ಮ ಅಡಿಕೆ ಮಿಷನ್ನಿಗೆ ಸರಿ. ಫ್ಲೈವೀಲಿಗೆ ಹತ್ತು ಪಾಯಿಂಟ್ ಒಂಬತ್ತಕ್ಕೆ ಕಮ್ಮಿ ನಾ ಹಾಕಲ್ಲ."

"ಓಹೋ. ಕಾರು ಮುಟ್ಟಿ ಎರಡು ದಿನ ಆಗಿಲ್ಲ, ಆಗ್ಲೇ ನಮ್ಮ ಬೋಲ್ಟು ಕೀಳಾದ್ವು."

"ಕೀಳಲ್ಲ ಮಾರಾಯ. ಎತ್ತಿನ ಕೆಲ್ಸ ಎತ್ತಿಗೆ, ಕುದುರೆ ಕೆಲ್ಸ ಕುದುರೆಗೆ. ತ್ರೆಡ್ ನೋಡು, ದಪ್ಪ. ನಂಗೆ ಸಣ್ಣ ತ್ರೆಡ್ ಬೇಕು."

ಫ್ಲೈವೀಲಿನ ಎಂಟು ಬೋಲ್ಟು ದಾವಣಗೆರೆಯ ಬಿಡಿಭಾಗದ ಅಂಗಡಿಯಲ್ಲೇ ಸಿಗಬೇಕೆಂದು ತೀರ್ಮಾನವಾಯಿತು. ಗೇರುಬಾಕ್ಸನ್ನು ಎಂಜಿನ್ನಿಗೆ ಕಚ್ಚಿಸುವ ಬೋಲ್ಟುಗಳಿಗೆ ಇಲ್ಲೇ ಹುಡುಕಾಟ ನಡೆಯಿತು. ಅವು ಒಂಬತ್ತು, ಮೂರು ಅಳತೆಯವು. ದುರುಗಣ್ಣ ನೆಲದ ಮೇಲೆ ಕೂತು ಡಬ್ಬಿ ಮೇಲೆ ಡಬ್ಬಿ ಸುರಿಸಿಕೊಂಡ. ಒಂದೊಂದನ್ನೂ ಬೆಳಕಿಗೆ ಹಿಡಿದು, ಬೆರಳಿನಲ್ಲಿ ಉರುಳಿಸಿ, ಸೊಟ್ಟ ಇದ್ದದ್ದನ್ನು ಪಕ್ಕಕ್ಕೆ ಎಸೆದ. ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ ಎಂದು ಚಿಕ್ಕಹನುಮಂತಪ್ಪ ಗೊಣಗಿದ. ಗೊಣಗುತ್ತಲೇ ಮೇಲಿನ ಅಟ್ಟದಿಂದ ಇನ್ನೆರಡು ಡಬ್ಬಿ ಇಳಿಸಿಕೊಟ್ಟ. ಹೊರಡುವಾಗ ಒಂದು ಮುಷ್ಟಿ ಸ್ಪ್ರಿಂಗ್ ವಾಷರನ್ನು ಜೇಬಿಗೆ ತುರುಕಿ, "ಇದು ನನ್ನ ಕಡೆಯಿಂದ" ಎಂದ. ದುರುಗಣ್ಣ ಅಲ್ಲಿಂದಲೇ ದಾವಣಗೆರೆಗೆ ಹೋಗಿ, ಫ್ಲೈವೀಲಿನ ಎಂಟು ಬೋಲ್ಟನ್ನೂ ಕ್ಲಚ್ಚಿಗೊಂದು ಹೊಸ ಬೇರಿಂಗನ್ನೂ ತಂದ.

ಸ್ಪ್ರಿಂಗ್ ವಾಷರ್ ಎಂದರೆ ಒಂದು ಕಡೆ ಸೀಳಿದ ಉಕ್ಕಿನ ಉಂಗುರ. ಅಡಿಕೆ ಮಿಷನ್ ಸೀಸನ್ನಿನಲ್ಲಿ ಹಗಲಿಡೀ ಗಡಗಡ ಅಲ್ಲಾಡುತ್ತದೆ. ಬೋಲ್ಟಿನ ತಲೆಯ ಕೆಳಗೆ ಈ ಉಂಗುರ ಇಲ್ಲದಿದ್ದರೆ ಮೂರು ದಿನಕ್ಕೆ ಸಡಿಲವಾಗಿ ಉದುರುತ್ತದೆ. ಚನ್ನಗಿರಿಯ ಯಾವ ಮೇಸ್ತ್ರಿಯೂ ಅದಿಲ್ಲದೆ ಬೋಲ್ಟು ಹಾಕಿದವನಲ್ಲ.

ಗುರುವಾರ ಶೆಡ್ಡಿನಲ್ಲಿ ಹಬ್ಬ. ದುರುಗಣ್ಣ ಒಂದು ರಟ್ಟಿನ ಮೇಲೆ ಗೇರುಬಾಕ್ಸಿನ ಆಕಾರ ಬರೆದು, ಯಾವ ತೂತಿಗೆ ಯಾವ ಬೋಲ್ಟೋ ಅಲ್ಲಲ್ಲೇ ಚುಚ್ಚಿಟ್ಟ. ಐದು ವರ್ಷದ ಹಿಂದೆ ಕೊಂಡು, ಯಾವ ಕೆಲಸಕ್ಕೂ ಬೇಕಾಗದೆ ಪೆಟ್ಟಿಗೆಯಲ್ಲೇ ಇದ್ದ ಟಾರ್ಕ್ ರೆಂಚ್ ಹೊರಬಂತು. ಅದು ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಟಕ್ ಎಂದು ಸದ್ದು ಮಾಡಿ ನಿಲ್ಲಿಸುವ ಸ್ಪ್ಯಾನರು. ಪ್ರತಿ ಟಕ್ಕಿಗೂ ಅವನು ತಲೆಯೆತ್ತಿ, "ಕೇಳ್ತಾ?" ಎನ್ನುತ್ತಿದ್ದ. ಸಂಜೆ ಕ್ಲಚ್ಚಿನ ಪೈಪಿನಿಂದ ಗಾಳಿ ತೆಗೆಯಲು ಕೆಂಪಕ್ಕನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ.

"ಒತ್ತು."

"ಒತ್ತಿದೆ."

"ಬಿಡು."

"ಬಿಟ್ಟೆ. ಇದೇ ಕಾರಿನಾಗೆ ಉಕ್ಕಡಗಾತ್ರಿ ಗುಡಿಗೆ ಹೋಗ್ಬರೋಣೇನ್ರಿ?"

"ಮೊದ್ಲು ಒತ್ತು."

ಶುಕ್ರವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು, ಎಂಜಿನ್ ಶುರುವಾಗದಂತೆ ತಡೆದಿದ್ದ ಹಳೆ ಗೇರಿನ ಸ್ವಿಚ್ಚಿನ ಎರಡು ವೈರು ಸೇರಿಸಿದ. ಎಂಜಿನ್ ಶುರುವಾಯಿತು. ರಸ್ತೆಯಲ್ಲಿ ಜನ ನಿಂತರು, ಕಾರು ಗ್ಯಾರೇಜಿನವರೂ ಬಂದರು. ದುರುಗಣ್ಣ ಕ್ಲಚ್ ಒತ್ತಿದ. ಕರಕರ ಕರಕರ ಎಂದು ಕಲ್ಲು ಅಗಿದಂಥ ಸದ್ದು. ಬಿಟ್ಟರೆ ಸುಮ್ಮನೆ, ಒತ್ತಿದರೆ ಕರಕರ.

"ಅಡಿಕೆ ಸುಲೀತೈತೆ" ಎಂದ ಗ್ಯಾರೇಜಿನವನೊಬ್ಬ. ಎಲ್ಲರೂ ನಕ್ಕರು. ಬೇರಿಂಗ್ ಹೋಗಿದೆ ಎಂದ ಇನ್ನೊಬ್ಬ. ಬೇರಿಂಗ್ ಹೊಸದೆಂದು ದುರುಗಣ್ಣನಿಗೆ ಗೊತ್ತಿತ್ತು. ಎಂಜಿನ್ ಆರಿಸಿ, ಮತ್ತೆ ಕೆಳಗೆ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಗೇರುಬಾಕ್ಸು ಕೆಳಗಿಳಿಯಿತು, ಕ್ಲಚ್ಚನ್ನೂ ಬಿಚ್ಚಿದ.

ಫ್ಲೈವೀಲಿನ ಎಂಟೂ ಬೋಲ್ಟಿನ ತಲೆ ಒಂದು ಕಡೆ ಸವೆದು ಹೊಳೆಯುತ್ತಿತ್ತು. ಪೆಡಲ್ ಒತ್ತಿದಾಗಲೆಲ್ಲ ಕ್ಲಚ್ ತಟ್ಟೆಯ ನಡುಭಾಗ ಅವಕ್ಕೆ ಉಜ್ಜುತ್ತಿತ್ತು. ಉಜ್ಜಿದ್ದು ಯಾಕೆಂದರೆ ತಲೆಗಳು ಇರಬೇಕಾದ್ದಕ್ಕಿಂತ ಒಂದು ರೂಪಾಯಿ ನಾಣ್ಯದ ದಪ್ಪಕ್ಕೂ ಹೆಚ್ಚು ಎತ್ತರ ನಿಂತಿದ್ದವು. ಎತ್ತರ ನಿಂತದ್ದು ಯಾಕೆಂದರೆ ಪ್ರತಿಯೊಂದರ ಕೆಳಗೂ ಒಂದೊಂದು ಸ್ಪ್ರಿಂಗ್ ವಾಷರ್ ಇತ್ತು. ಕಂಪನಿಯವರು ಆ ಬೋಲ್ಟಿನ ತಲೆಯನ್ನು ಚಪ್ಪಟೆಯಾಗಿ ಮಾಡಿದ್ದೇ ಅಲ್ಲಿ ಜಾಗವಿಲ್ಲವೆಂದು. ಇವನು ಬೋಲ್ಟನ್ನು ಅಷ್ಟು ಅಳೆದು ತೂಗಿ ಆರಿಸಿದ್ದ. ವಾಷರನ್ನು ಮಾತ್ರ ಆರಿಸಿರಲಿಲ್ಲ, ಮೂವತ್ತೆಂಟು ವರ್ಷದ ರೂಢಿಯಲ್ಲಿ ಕೈ ತಾನಾಗಿ ಹಾಕಿಬಿಟ್ಟಿತ್ತು.

ಸಿಟ್ಟು ಬರಬೇಕಾದಲ್ಲಿ ಅವನಿಗೆ ನಗು ಬಂತು. ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೆಂಪಕ್ಕ ಹೆದರಿ ಓಡಿಬಂದಳು.

"ಏನಾತ್ರಿ?"

"ಸಿಕ್ತು ಕಣೆ. ತಪ್ಪು ಸಿಕ್ತು. ನಂದೇ."

ಸವೆದ ಬೋಲ್ಟನ್ನು ತಿರುಗಿ ಹಾಕುವ ಮಾತೇ ಇಲ್ಲ. ಎರಡು ಗಂಟೆಯ ಬಸ್ಸಿಗೆ ಮತ್ತೆ ದಾವಣಗೆರೆಗೆ ಹೋಗಿ, ಹೊಸ ಎಂಟು ಬೋಲ್ಟು, ಅವು ಸಡಿಲವಾಗದಂತೆ ತ್ರೆಡ್ಡಿಗೆ ಹಚ್ಚುವ ಒಂದು ಪುಟ್ಟ ಶೀಶೆ ಅಂಟು ತಂದ. ಬರುವಾಗ ಚಿಕ್ಕಹನುಮಂತಪ್ಪನ ಅಂಗಡಿಯ ಮುಂದೆ ಇಳಿದು ಎಂಟು ವಾಷರನ್ನೂ ಮೇಜಿನ ಮೇಲೆ ಎಣಿಸಿಟ್ಟ. "ತಗಳಪ್ಪ ನಿನ್ನ ಉಡುಗೊರೆ. ಒಂದು ಕಾರು ಗುಜರಿಗೆ ಹೋಗ್ತಿತ್ತು."

ಶನಿವಾರ ಬೆಳಕು ಹರಿಯುತ್ತಲೇ ಕೆಲಸ ಹಿಡಿದ. ಎಂಟು ಬೋಲ್ಟು, ಅಂಟು, ಎದುರುಬದುರು ಬಿಗಿ, ಎಂಟು ಟಕ್. ಗುಜರಿ ಲಾರಿ ಹನ್ನೆರಡಕ್ಕೇ ಬಂತು. ಮಮತಾಳೂ ಬಂದಳು. ಗೇರುಬಾಕ್ಸು ಇನ್ನೂ ಜಾಕಿನ ಮೇಲೆ ಕೂತಿತ್ತು.

"ಏನಣ್ಣ, ಎತ್ಲಾ?" ಎಂದ ಗುಜರಿಯವನು.

"ಊಟ ಮಾಡ್ಕೊಂಡು ಬಾ. ಅಷ್ಟ್ರಾಗೆ ಎತ್ತೋದಾ ಓಡ್ಸೋದಾ ಗೊತ್ತಾಗ್ತೈತೆ."

ಗುಜರಿಯವನು ಊಟಕ್ಕೆ ಹೋಗಲಿಲ್ಲ. ಅಲ್ಲೇ ಕೂತ, ಆಮೇಲೆ ತಾನೇ ಜಾಕಿಗೆ ಕೈಹಾಕಿದ. ಎರಡೂವರೆಗೆ ಒಂಬತ್ತನೇ ಬೋಲ್ಟು ಕೂತಿತು. ದುರುಗಣ್ಣ ಎಂಜಿನ್ ಶುರು ಮಾಡಿ, ಕ್ಲಚ್ಚನ್ನು ನಿಧಾನವಾಗಿ ತಳದವರೆಗೂ ಒತ್ತಿ ಹಿಡಿದ. ಎಂಜಿನ್ನಿನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಒಂದನೇ ಗೇರು ಹಾಕಿದ. ಕಾರು ಶೆಡ್ಡಿನಿಂದ ತಾನಾಗಿ ಹೊರಗೆ ಬಂತು. ಗ್ಯಾರೇಜಿನವನು ಎದುರಿಗೆ ನಿಂತಿದ್ದ. "ಮೇಸ್ತ್ರಿ, ಆ ಬೋಲ್ಟಿನ ಅಳತೆ ನನಗೂ ಬರ್ಕೊಡಿ" ಎಂದ. ಅಡಿಕೆ ಎಂಬ ಮಾತು ಆಡಲಿಲ್ಲ. ಗುಜರಿಯವನು ಖಾಲಿ ಲಾರಿ ಹತ್ತಿ ಹೋದ.

ಮಮತಾ ಓಡಿಸಿದಳು, ದುರುಗಣ್ಣ ಪಕ್ಕದಲ್ಲಿ ಕೂತ. ಎಲ್ಲಾದರೂ ನಿಂತರೆ ತಾನಿರಬೇಕು, ನ್ಯಾಮತಿಯಿಂದ ಬಸ್ಸಿಗೆ ವಾಪಸ್ ಬರುತ್ತೇನೆ ಎಂದು ಕೆಂಪಕ್ಕನಿಗೆ ಹೇಳಿ ಹೊರಟಿದ್ದ. ಬಸವಾಪಟ್ಟಣ ದಾಟುವವರೆಗೂ ಅವನು ಕಿವಿಯನ್ನು ಗೇರಿನ ಕಡೆಗೇ ಇಟ್ಟಿದ್ದ. ಹೊನ್ನಾಳಿ ಸೇತುವೆ ಮೇಲೆ ಮಮತಾ ಐದನೇ ಗೇರಿಗೆ ಹಾಕಿದಾಗ ಕಿಟಕಿ ಇಳಿಸಿ, ಹೊಳೆಯ ಗಾಳಿಗೆ ಕೈ ಚಾಚಿ, "ನಮ್ಮ ಜಗಳೂರಿಗೆ ಇದ್ರಾಗೇ ಹೋಗ್ರಿ ನಾಳೆ. ಮದುಮಗಳಿಗೆ ಚೆಂದಗೆ ಮಾಡ್ರಿ" ಎಂದನಂತೆ.

ನ್ಯಾಮತಿಯಲ್ಲಿ ಅವಳ ಮನೆ ಇಳಿಜಾರು ಬೀದಿಯಲ್ಲಿದೆ. ಅವಳು ಖುಷಿಯಲ್ಲಿ, ಆಟೋಮ್ಯಾಟಿಕ್ ಕಾರಿನ ರೂಢಿಯಲ್ಲಿ, ಗೇರಿಗೆ ಹಾಕದೆ, ಹ್ಯಾಂಡ್‌ಬ್ರೇಕನ್ನೂ ಎಳೆಯದೆ ಕೀಲಿ ಕಿತ್ತುಕೊಂಡು ತಾಯಿಯನ್ನು ಕರೆಯಲು ಒಳಗೆ ಓಡಿದಳು. ಕಾರು ಮೆಲ್ಲಗೆ ಹಿಂದಕ್ಕೆ ಜರುಗಿತು. ದುರುಗಣ್ಣ ಕೂತಲ್ಲಿಂದಲೇ ಹ್ಯಾಂಡ್‌ಬ್ರೇಕ್ ಎಳೆದ. ಡ್ರೈವರ್ ಸೀಟಿನ ಕಡೆಗೆ ಬಗ್ಗಿ ಕೈಯಿಂದಲೇ ಕ್ಲಚ್ ಒತ್ತಿ, ಒಂದನೇ ಗೇರಿಗೆ ಹಾಕಿದ. ಅವಳು ಚಹಾ ಕುಡಿದು ಹೋಗಿ ಎಂದು ಬಾಗಿಲಿನಿಂದ ಕರೆಯುತ್ತಿದ್ದಳು. ಅವನು ಇಳಿದು, ಬಸ್ಸು ತಪ್ಪುತ್ತದೆ ಎಂದು ಕೈಬೀಸಿ, ಬೀದಿಯ ಅಂಚಿನಿಂದ ಒಂದು ಕಲ್ಲು ಎತ್ತಿಕೊಂಡು ಬಂದು, ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟು, ಕಾಲಿನಿಂದ ಒಮ್ಮೆ ತಳ್ಳಿ ಗಟ್ಟಿ ಇದೆಯೇ ಎಂದು ನೋಡಿದ.