ಗುರುವಾರದ ವಿಮಾನ

ಯುದ್ಧದ ಕಾಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಯಜಮಾನರು ಸಮುದ್ರದಾಚೆಯ ಬಸ್ರಾದಲ್ಲಿ ವಿಮಾನ ರಿಪೇರಿ ಕೆಲಸಕ್ಕೆ ಒಪ್ಪಿಕೊಂಡರು. ಕರಾಚಿಯವರೆಗೆ ರೈಲು. ಅಲ್ಲಿ ಕೆಲವು ದಿನ ಕಾದು, ಮುಂದಕ್ಕೆ ವಿಮಾನ. ಯಾವತ್ತು ಹತ್ತುತ್ತೇನೆಂದು ಬರೆಯುತ್ತೇನೆ ಎಂದು ಹೇಳಿ ಹೋದರು. ಮನೆಯಲ್ಲಿ ಉಳಿದವರು ನಾನು, ನಮ್ಮತ್ತೆ.

ಪ್ರಯಾಣ ಹೊರಟವರು ಊರು ಮುಟ್ಟುವವರೆಗೆ ಮನೆಯವರು ಕಸ ಗುಡಿಸಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು. ಇದರಲ್ಲಿ ಅತ್ತೆ ಬಲು ಕಟ್ಟುನಿಟ್ಟು. ಮಗ ಬೆಂಗಳೂರಿಗೆ ಹೋದಾಗಲೆಲ್ಲ "ಈಗ ಬೀರೂರು ದಾಟಿರ್ತಾನೆ, ಈಗ ಅರಸೀಕೆರೇಲಿ ಕಾಫಿ ಕುಡೀತಿರ್ತಾನೆ" ಎನ್ನುತ್ತ ಕೂತಲ್ಲೇ ಅವನ ಜೊತೆ ಹೋಗಿಬರುತ್ತಿದ್ದರು. ನನಗೆ ಒಳಗೊಳಗೇ ನಗು.

ಒಂದು ಬುಧವಾರ ಕರಾಚಿಯ ಕಾಗದ ಬಂತು. "ಬರುವ ಗುರುವಾರ ಬೆಳಿಗ್ಗೆ ವಿಮಾನ" ಎಂದಿತ್ತು. ನಾಳೆಯೇ! ಪಕ್ಕದ ಮನೆಯ ನಕ್ಷೆಗಾರರ ಹತ್ತಿರ ಓಡಿದೆ. ಅವರು ಭೂಪಟದ ಮೇಲೆ ದಾರ ಇಟ್ಟು ಅಳೆದರು.

"ಸಾವಿರದ ಇನ್ನೂರು ಮೈಲಿ ಇರ್ಬೋದಮ್ಮ. ನಡುವೆ ಎಣ್ಣೆ ಹಾಕ್ಕೊಳ್ಳೋಕೆ ಇಳಿದ್ರೂ ಸಾಯಂಕಾಲಕ್ಕೆ ಹೋಗಿರ್ತಾರೆ."

ಇಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಷ್ಟೇ ಹೊತ್ತು ಎಂದುಕೊಂಡು ಎಷ್ಟೋ ಸಮಾಧಾನವಾಯಿತು.

ಮರುದಿನ ಪೊರಕೆ ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ಮೇಲೆ ನೋಡಿದರೆ ಕಾರ್ಖಾನೆಯ ಹೊಗೆ ಮಾತ್ರ. ಅತ್ತೆಗೆ ಚಡಪಡಿಕೆ. "ಅಲ್ಲ ಮಾರಾಯ್ತಿ, ಆಕಾಶದಲ್ಲಿ ಒಂದು ಸ್ಟೇಷನ್ನೂ ಇಲ್ಲ. ಎಲ್ಲಿಗೆ ಹೋದ ಅಂತ ಹೇಳ್ಲಿ ನಾನು?" ಎಂದರು. ಆ ದಿನ ನಾನು ಹೆದರಿದಷ್ಟು ಇನ್ಯಾವತ್ತೂ ಹೆದರಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ "ಮುಟ್ಟಿರ್ತಾನೆ ಬಿಡು" ಎಂದು ಅತ್ತೆ ಹೇಳಿದರು. ಆಮೇಲೆ ಇಬ್ಬರೂ ಊಟ ಮಾಡಿದೆವು.

ತಿಂಗಳ ನಂತರ ಬಸ್ರಾದಿಂದ ಕಾಗದ ಬಂತು. ಕ್ಷೇಮವಾಗಿ ತಲುಪಿದ್ದರು. ಆದರೆ ತಲುಪಿದ ತಾರೀಖನ್ನು ಎರಡು ಸಲ ಓದಿದೆ. ಅದು ನಾವು ಕಾದ ಗುರುವಾರವಲ್ಲ, ಅದರ ಹಿಂದಿನದು. ಕರಾಚಿಯ ಕಾಗದ ಎಂಟು ದಿನ ಅಂಚೆಯಲ್ಲಿ ಕಳೆದು ನಮ್ಮ ಕೈಗೆ ಬಂದಿತ್ತು. ಅದರ ನೆತ್ತಿಯ ಮೇಲೆ ತಾರೀಖು ಸ್ಪಷ್ಟವಾಗಿತ್ತು. ನೋಡುವ ತಾಳ್ಮೆ ಯಾರಿಗಿತ್ತು?

ಆ ಹಿಂದಿನ ಗುರುವಾರ ನಾನು ಶಿವಮೊಗ್ಗದ ತವರಿನಲ್ಲಿದ್ದೆ, ತಂಗಿಯ ಮಗುವಿನ ನಾಮಕರಣಕ್ಕೆ. ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು, ಎರಡು ಹೋಳಿಗೆ ತಿಂದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಇಲ್ಲಿ ಅತ್ತೆ ಮನೆಯನ್ನೆಲ್ಲ ಗುಡಿಸಿ ಸಾರಿಸಿದ್ದರು.

ಅತ್ತೆಗೆ ಓದು ಬರದು. "ಯಾವತ್ತು ಮುಟ್ಟಿದ್ನಂತೆ?" ಎಂದು ಕೇಳಿದರು.

"ನಾವು ಕಾದ ದಿನವೇ."

ಅವರು ದೇವರ ಗೂಡಿನತ್ತ ಕೈ ಮುಗಿದರು. "ನೋಡಿದ್ಯಾ? ನಾವಿಬ್ರೂ ಜೊತೇಲಿದ್ವಲ್ಲ, ಅದಕ್ಕೇ ಏನೂ ಆಗ್ಲಿಲ್ಲ."

ನಾನು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಮುದ್ರ ದಾಟಿ ಅಷ್ಟು ದೂರ ಅವರು ಒಬ್ಬರೇ ಹೋಗಿದ್ದರು.