ಒಂದೇ ಸಾಲು, ನನ್ನದೇ ಡಬ್ಬಿ

ಫ್ಯಾಕ್ಟರಿಯವರು ಬಸ್ ಬಿಡುತ್ತೇವೆ ಅಂದರು, ಬಿಟ್ಟರು. ಬಿಸಿ ಊಟ ಕೊಡುತ್ತೇವೆ ಅಂದರು, ಕೊಟ್ಟರು.

ಮನೆಯ ಊಟ ತರುತ್ತೇವೆ ಅಂದೆವು, ಗೇಟಿನೊಳಗೆ ಬಿಡಲ್ಲ ಅಂದರು. ಅವಸರವಾದಾಗ ಸಂಡಾಸಿಗೆ ಹೋಗುತ್ತೇವೆ ಅಂದೆವು, ಸೂಪರ್‌ವೈಸರ್ ಹತ್ತಿರ ಟೋಕನ್ ಇಸಿದುಕೊಂಡು ಹೋಗಿ ಅಂದರು.

ಎರಡು ಸಾವಿರದ ದಶಕದ ಮಾತಿದು. ನಮ್ಮ ಕಡೆಯ ಹೊಲಗಳಲ್ಲಿ ಶೆಡ್ಡುಗಳು ಏಳುತ್ತಿದ್ದ ಕಾಲ. ಚನ್ನಪಟ್ಟಣದ ಹತ್ತಿರದ ನಮ್ಮೂರು ಬೈರಾಪಟ್ಟಣದಿಂದ ನಾನೂ ಒಂದು ಫ್ಯಾಕ್ಟರಿ ಸೇರಿದ್ದೆ. ಯೂನಿಯನ್ನಿನಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದವನೂ ನಾನೇ.

ಆಗಲೇ ಕಾಯಿಲೆ ಶುರುವಾಯಿತು. ದೊಡ್ಡ ಕರುಳಿನ ಒಳಗೆಲ್ಲ ಹುಣ್ಣು. ಸಂಡಾಸಿಗೆ ಹೋದರೆ ರಕ್ತ.

ಡಾಕ್ಟರು ಗುಳಿಗೆ ಬರೆದರು, ಇದು ಬಹಳ ಕಾಲ ಜೊತೆಗಿರುವ ಕಾಯಿಲೆ ಅಂದರು. ಏನು ತಿನ್ನಲಿ ಸಾರ್ ಎಂದೆ. ಕೆರಳಿದಾಗ ಖಾರ, ನಾರು ಕಡಿಮೆ ಮಾಡಿ, ನಿಮ್ಮ ಹೊಟ್ಟೆಗೆ ಯಾವುದು ಆಗುತ್ತದೋ ನೀವೇ ನೋಡಿಕೊಳ್ಳಬೇಕು ಅಂದರು.

ಊರಿನಲ್ಲಿ ಮಾತ್ರ ಎಲ್ಲರಿಗೂ ಉತ್ತರ ಗೊತ್ತಿತ್ತು! "ಮುದ್ದೆ ಬುಟ್ಟೆ ನೋಡು, ಅದಕ್ಕೇಯ ಇಂಗಾಗಿರೋದು," ಅಂದಳು ಅವ್ವ. "ಮೆಂತ್ಯ ನುಂಗ್ಲಾ, ಎಲ್ಡೇ ದಿನಕ್ಕೆ ವಾಸಿ," ಅಂದ ಮಾವ.

ತಟ್ಟೆ ನನಗೆ ಪೊಲೀಸ್ ಠಾಣೆಯಾಯಿತು. ಒಂದೊಂದು ತುತ್ತನ್ನೂ ನಿಲ್ಲಿಸಿ ವಿಚಾರಣೆ... ನಿನ್ನೆ ಕೆರಳಿಸಿದ್ದು ನೀನೇನಾ?

ಕೊನೆಗೆ ಡ್ಯೂಟಿ ಇದ್ದ ದಿನ ತಿನ್ನುವುದನ್ನೇ ಬಿಟ್ಟೆ. ಹೊಟ್ಟೆ ಖಾಲಿ ಇದ್ದರೆ ಟೋಕನ್ ಕೇಳಬೇಕಾಗಿಲ್ಲವಲ್ಲ! ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಿಷನ್ ಮುಂದೆ ಕಣ್ಣು ಕತ್ತಲೆ. ಹೀಗೇ ಆದರೆ ಕೆಲಸ ಹೋಗುತ್ತದೆ, ಇಲ್ಲವೇ ಜೀವ.

ಒಂದು ದಿನ ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿದ ಅನ್ನದ ಡಬ್ಬಿಯನ್ನು ಟವಲ್ಲಿನಲ್ಲಿ ಸುತ್ತಿ ಗೇಟು ದಾಟಿಸಿದೆ. ಕ್ಯಾಂಟೀನಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ.

ಅದೇ ತಪ್ಪಾಯಿತು.

ಆ ಕ್ಯಾಂಟೀನಿನಲ್ಲಿ ಮೊದಲು ಜಾತಿಗೊಂದು ಮೂಲೆ. ನಮ್ಮವರು ಕಿಟಕಿ ಹತ್ತಿರ, ನನ್ನ ಪಕ್ಕದ ಮಿಷನ್ನಿನ ಮರಿಸ್ವಾಮಿಯ ಕಡೆಯವರು ಬಾಗಿಲ ಹತ್ತಿರ. ಅದನ್ನು ಒಡೆದು ಎಲ್ಲರಿಗೂ ಒಂದೇ ಸಾಲು, ಒಂದೇ ಪಾತ್ರೆ ಮಾಡಿದ್ದು ಯೂನಿಯನ್. ಭಾಷಣ ಬಿಗಿದವನು ನಾನು.

ಆ ಮರಿಸ್ವಾಮಿಯೇ ಎದ್ದು ಬಂದ. "ಏನ್ಲಾ, ನಾವ್ ಮುಟ್ಟಿದ್ ಪಾತ್ರೆ ನಿಂಗೀಗ ಆಗಾಕಿಲ್ವಾ? ಭಾಷ್ಣ ಎಲ್ಲಾ ಮೈಕ್ ಮುಂದೇಯಾ?"

ಕರುಳಿಗಿಂತ ಆ ಮಾತು ಉರಿಯಿತು. ನಾಚಿಕೆಯನ್ನು ಅತ್ತ ಎಸೆದು ಬೆಂಚು ಹತ್ತಿದೆ.

"ಕರುಳಲ್ಲಿ ಹುಣ್ಣು ಕಣ್ಲಾ ನಂಗೆ. ಕೆಳಗಡೆಯಿಂದ ರಕ್ತ ಬೀಳ್ತದೆ. ಈ ಸಾಂಬಾರ್ ತಿಂದ್ರೆ ಟೋಕನ್ ಬರಗಂಟ ತಡ್ಕಳಾಕಾಗಕಿಲ್ಲ. ಅದ್ಕೇ ಉಪಾಸ ಇದ್ದು ಇದ್ದು ಸಾಯ್ತಾ ಇವ್ನಿ!"



ಮರಿಸ್ವಾಮಿ ನನ್ನ ಡಬ್ಬಿ ಎತ್ತಿಕೊಂಡು ಹೋಗಿ ಸಾಲಿನ ನಡುವೆ ಇಟ್ಟ. "ಥೂ ನಿನ್ನ, ಬಾಯ್ ಬುಟ್ಟು ಯೋಳಾಕೇನ್ಲಾ ದೊಡ್‌ರೋಗ? ಕುಂತ್ಕೊ ಇಲ್ಲಿ."

ಮರುದಿನ ಗೇಟಿಗೆ ಬಂದು ನೋಡುತ್ತೇನೆ... ಇಡೀ ಶಿಫ್ಟು ಕೈಯಲ್ಲಿ ಡಬ್ಬಿ ಹಿಡಿದು ನಿಂತಿದೆ! ಮುಂದೆ ಮರಿಸ್ವಾಮಿ.

ಸೆಕ್ಯೂರಿಟಿಯವನು ಯಾರನ್ನು ಅಂತ ತಡೆಯುತ್ತಾನೆ? ಒಳಗೆ ಮಿಷನ್ನುಗಳೆಲ್ಲ ತಣ್ಣಗಿವೆ. "ಡಬ್ಬಿ ಒಳಕ್ಕೆ, ಟೋಕನ್ ಹೊರಕ್ಕೆ!" ಎಂದು ಕೂಗುತ್ತಿದ್ದೇವೆ.

ಊಟದ ಹೊತ್ತಿಗೆ ಮ್ಯಾನೇಜರ್ ಕೆಳಗಿಳಿದು ಬಂದ. ಎರಡಕ್ಕೂ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ!

ಅವತ್ತು ಅದೇ ಸಾಲಿನಲ್ಲಿ, ಹೆಗಲಿಗೆ ಹೆಗಲು ತಾಗಿಸಿ ಕೂತು, ಹೊಟ್ಟೆ ತುಂಬ ಉಂಡೆ. ಎಲ್ಲರ ತಟ್ಟೆಗೂ ಒಂದೇ ಸಾರು ಸುರಿದರೆ ಸಮಾನತೆ ಬಂತು ಎಂದು ನಾನು ಇನ್ಯಾವತ್ತೂ ಭಾಷಣ ಮಾಡಲಿಲ್ಲ.

ಕೈ ತೊಳೆಯುವಾಗ ಪ್ಯಾಕಿಂಗ್ ವಿಭಾಗದ ಲಕ್ಷ್ಮಕ್ಕ ಪಕ್ಕಕ್ಕೆ ಬಂದರು. "ನಂಗೂ ಅದೇ ಕಾಯ್ಲೆ ಕಣಪ್ಪಾ. ಆದ್ರೆ ನಂಗೆ ಮುದ್ದೆ ಆಯ್ತದೆ, ಮಜ್ಜಿಗೆ ಆಗಾಕಿಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವ್ವನಿಗೆ ಮಾತ್ರ ಈ ಸುದ್ದಿ ಹೇಳಲಿಲ್ಲ... ಮುದ್ದೆ ಗೆದ್ದುಬಿಡುತ್ತಿತ್ತು!

ಈಗ ಕನಕಪುರ, ಮಾಗಡಿಯವರೂ ಸೇರಿ ಇದೇ ಕಾಯಿಲೆಯವರ ನಮ್ಮದೊಂದು ಗುಂಪೇ ಆಗಿದೆ. ಇಲ್ಲಿ ಯಾರೂ ಇದನ್ನೇ ತಿನ್ನು ಅನ್ನುವುದಿಲ್ಲ. ಗುಳಿಗೆ ಬಿಡು ಅಂದವರನ್ನು ಒಳಗೆ ಬಿಡುವುದೂ ಇಲ್ಲ.

ನಿಮ್ಮ ತಟ್ಟೆ ಕಂಡು ಯಾರಾದರೂ ಮೂಗು ಮುರಿದಿದ್ದರೆ ಬನ್ನಿ. ನಿಮ್ಮ ಊಟ ನೀವೇ ತನ್ನಿ, ಒಟ್ಟಿಗೆ ಕೂತು ಉಣ್ಣೋಣ.

ಈ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಚನ್ನಪಟ್ಟಣ, ಲಕ್ಷ್ಮಕ್ಕನ ಮನೆಯ ಜಗಲಿ.